ಸಭೆಗೆ ಬಾರದ ಗೆಳೆಯ

 

ಇವತ್ತಿನ ವಾಕ್ಯಭಾಗ ಲೂಕನು ಬರೆದ ಸುವಾರ್ತೆ 17ನೇ ಅಧ್ಯಾಯ, 11ರಿಂದ 19ನೇ ವಚನ. ಬೈಬಲ್ ತೆರೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ನೋಡೋರು ದಯವಿಟ್ಟು ವಾಟ್ಸಾಪ್ ಮುಚ್ಚಿಬಿಡಿ.

ಕಾಲೇಜಿಗೆ ಹೋಗುವ ಯೌವನಸ್ಥರಿಗಾಗಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಸೇವೆ ಕಟ್ಟಬೇಕು ಅಂತ ಸಭೆ ಪ್ರಾರ್ಥನೆ ಮಾಡ್ತಾ ಇದೆ. ಎಸ್ಎಸ್ಎಲ್‌ಸಿ ಫಲಿತಾಂಶ ಬಂದಾಗ ತುಮಕೂರು ಬೇರೆ, ಮಧುಗಿರಿ ಬೇರೆ ಅಂತ ಎರಡು ಸಾಲು ನೋಡಿರ್ತೀರಿ. ಈ ನಾಲ್ಕು ತಾಲ್ಲೂಕು ಸೇರಿದ್ದೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಮ್ಮ ಹೊಲ ಅದು. ಜಾಗ ನೋಡಬೇಕು, ಗಿಟಾರ್ ಬೇಕು, ಪ್ರೊಜೆಕ್ಟರ್ ಬೇಕು ಅಂತ ಲಿಸ್ಟ್ ಆಗಲೇ ಶುರುವಾಗಿದೆ. ಬೇಡ ಅನ್ನಲ್ಲ. ಆದರೆ ಅದಕ್ಕಿಂತ ಮೊದಲು ತೀರ್ಮಾನ ಮಾಡಬೇಕಾದ ಪ್ರಶ್ನೆ ಒಂದಿದೆ: ಸಭೆಗೆ ಕರೆತರಬೇಕು ಅನ್ನೋ ಉದ್ದೇಶದಿಂದ ಒಬ್ಬನ ಗೆಳೆತನ ಮಾಡೋದು ಸರಿಯಾ?

"ಇದರಲ್ಲಿ ತಪ್ಪೇನಿದೆ ಪಾಸ್ಟರ್?" ಅಂತ ನಿಮಗೆ ಅನಿಸಬಹುದು. ಒಬ್ಬ ಹುಡುಗನ ಮಾತು ಹೇಳ್ತೀನಿ. ಹೆಸರು ಬೇಡ. ಡಿಗ್ರಿ ಓದ್ತಾ ಇದ್ದ, ಕ್ರೈಸ್ತ ಮನೆಯವನಲ್ಲ. ನಮ್ಮ ಹುಡುಗರ ಜೊತೆ ಕ್ರಿಕೆಟ್ ಆಡೋನು, ಒಂದೆರಡು ಸಲ ಕ್ರಿಸ್‌ಮಸ್‌ಗೂ ಬಂದಿದ್ದ. ಒಂದು ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರ ಟೀ ಕುಡೀತಾ ಇದ್ದಾಗ ನೇರವಾಗಿ ಕೇಳಿದ: "ಅಣ್ಣ, ನಾನು ಯಾವತ್ತೂ ನಿಮ್ಮ ಚರ್ಚಿಗೆ ಬರಲ್ಲ ಅಂತ ಇವತ್ತೇ ಹೇಳಿಬಿಟ್ರೆ, ನಾಳೆಯಿಂದ ಇವರೆಲ್ಲ ನನ್ನ ಜೊತೆ ಮಾತಾಡ್ತಾರಾ?" ಮಾತಾಡ್ತಾರೆ ಕಣಪ್ಪ ಅಂದೆ. ಅವನು ಕೇಳಿದ್ದರಲ್ಲಿ ಜಗಳ ಇರಲಿಲ್ಲ, ವ್ಯಂಗ್ಯ ಇರಲಿಲ್ಲ. ನಾವು ಅವನಿಗೆ ಗೆಳೆಯರಾ, ಅಥವಾ ಅವನು ನಮಗೊಂದು ಕೆಲಸವಾ, ಅಷ್ಟೇ ಅವನಿಗೆ ತಿಳಿಯಬೇಕಿತ್ತು. ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳಿಗೆ ಇದು ಬೇಗ ಗೊತ್ತಾಗುತ್ತೆ ಪ್ರಿಯರೇ. ಅವರ ಹಿಂದೆ ಕೋಚಿಂಗ್ ಸೆಂಟರ್‌ನವರು ಬರ್ತಾರೆ, ಪಾರ್ಟಿಯವರು ಬರ್ತಾರೆ, ಲೋನ್ ಆ್ಯಪ್‌ನವರು ಬರ್ತಾರೆ. ನಗುನಗುತ್ತಾ ಬಂದು ಹೆಗಲ ಮೇಲೆ ಕೈ ಹಾಕೋರು ಸ್ವಲ್ಪ ಹೊತ್ತಿಗೆ ಫಾರಂ ತೆಗೀತಾರೆ ಅನ್ನೋದು ಅವರಿಗೆ ಅಭ್ಯಾಸವಾಗಿದೆ.

ಈಗ ವಾಕ್ಯಕ್ಕೆ ಬರೋಣ. ಹತ್ತು ಜನ ಕುಷ್ಠರೋಗಿಗಳು ದೂರದಲ್ಲೇ ನಿಂತು ಯೇಸುವನ್ನು ಕೂಗಿದರು. ಯಾಜಕರಿಗೆ ಹೋಗಿ ತೋರಿಸಿಕೊಳ್ಳಿ ಅಂತ ಸ್ವಾಮಿ ಕಳಿಸಿದರು. ಹೋಗ್ತಾ ಹೋಗ್ತಾ ದಾರಿಯಲ್ಲೇ ಶುದ್ಧರಾದರು. ತಿರುಗಿ ಬಂದದ್ದು ಒಬ್ಬನೇ, ಅವನೂ ಸಮಾರ್ಯದವನು. ಇಲ್ಲಿ ಮೂರು ವಿಷಯ ಗಮನಿಸಿ.

ಮೊದಲನೆಯದು, ಯಾರು ತಿರುಗಿ ಬರ್ತಾರೆ, ಯಾರು ಬರಲ್ಲ ಅಂತ ವಿಂಗಡಿಸಿ ಯೇಸು ವಾಸಿ ಮಾಡಲಿಲ್ಲ. ಮನುಷ್ಯನ ಹೃದಯದಲ್ಲಿ ಏನಿದೆ ಅಂತ ತಿಳಿದಿದ್ದ ಕರ್ತನು ಆತ. ಬರೋ ಒಬ್ಬನನ್ನು ಮಾತ್ರ ಮುಟ್ಟಬಹುದಿತ್ತು, ಹತ್ತಕ್ಕೆ ಹತ್ತೂ ಜನರನ್ನು ಗುಣಪಡಿಸಿದ.

ಎರಡನೆಯದು, ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಸ್ವಾಮಿ ಕೇಳಿದ. ಅವರು ಬರಲಿ ಅನ್ನೋ ಆಸೆ ಆತನಿಗಿತ್ತು, ಬಾರದೇ ಇದ್ದದ್ದು ಆತನಿಗೆ ನೋವಾಯಿತು. ಆದರೆ ಕೊಟ್ಟ ಸ್ವಸ್ಥತೆಯನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಆ ಒಂಬತ್ತು ಜನ ಶುದ್ಧರಾಗಿಯೇ ಮನೆ ಸೇರಿದರು. ಹಲ್ಲೆಲೂಯ!

ಮೂರನೆಯದು, ತಿರುಗಿ ಬಂದವನಿಗೆ ಆ ಒಂಬತ್ತು ಜನರಿಗೆ ಸಿಗದೇ ಇದ್ದದ್ದು ಸಿಕ್ಕಿತು. ನಿನ್ನ ನಂಬಿಕೆ ನಿನ್ನನ್ನು ರಕ್ಷಿಸಿತು ಅನ್ನೋ ಅರ್ಥದ ಮಾತು ಅವನಿಗೆ ಸಿಕ್ಕಿತು. ಮೈ ವಾಸಿಯಾದರೆ ಸಾಕಾಗಲ್ಲ, ಯೇಸುವಿನ ಪಾದಕ್ಕೆ ಬರೋದೇ ದೊಡ್ಡದು.

ಈ ಮೂರನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು. ಮೂರನೆಯದನ್ನು ಬಿಟ್ಟರೆ ನಾವು ಸಮಾಜಸೇವೆಯ ಒಂದು ಸಂಘ ಆಗ್ತೀವಿ. ಒಳ್ಳೇದೇ, ಆದರೆ ಅದಕ್ಕೆ ಸಭೆ ಬೇಕಿಲ್ಲ. ಮೊದಲನೆಯದು, ಎರಡನೆಯದು ಬಿಟ್ಟರೆ ನಮ್ಮ ಪ್ರೀತಿ ಗಾಳಕ್ಕೆ ಸಿಕ್ಕಿಸಿದ ಎರೆಹುಳು ಆಗುತ್ತೆ. ಎರೆಹುಳು ಮೀನಿಗೆ ರುಚಿಯಾಗೇ ಇರುತ್ತೆ, ಆದರೆ ಅದನ್ನು ಮೀನಿನ ಮೇಲಿನ ಪ್ರೀತಿಯಿಂದ ಯಾರೂ ಹಾಕಲ್ಲ. "ಮನುಷ್ಯರನ್ನು ಹಿಡಿಯುವ ಬೆಸ್ತರು ಅಂತ ಯೇಸುವೇ ಹೇಳಿದ್ದಾನಲ್ಲ?" ಅಂತ ಯಾರಾದರೂ ಕೇಳಬಹುದು. ಹೇಳಿದ್ದಾನೆ. ಆದರೆ ಪೇತ್ರ ಅಂದ್ರೆಯರು ಬೀಸ್ತಾ ಇದ್ದದ್ದು ಬಲೆ. ಬಲೆಯಲ್ಲಿ ಸುಳ್ಳು ಆಹಾರ ಇರಲ್ಲ.

ಗೆಳೆಯ ರಕ್ಷಣೆ ಹೊಂದಲಿ ಅಂತ ಆಸೆಪಡೋದು ತಪ್ಪಾ? ಅಲ್ಲವೇ ಅಲ್ಲ. ನಮಗೆ ಸಿಕ್ಕಿದ್ದು ಸತ್ಯ ಅಂತ ನಂಬಿದ ಮೇಲೆ ಅದನ್ನು ಗೆಳೆಯನಿಗೆ ಹೇಳದೇ ಇರೋದು ಎಂಥ ಪ್ರೀತಿ? ಆದರೆ ಆಸೆಪಡೋದು ಬೇರೆ, ಬಳಸಿಕೊಳ್ಳೋದು ಬೇರೆ. ಎರಡು ಹೊರಗಿನಿಂದ ಒಂದೇ ಥರ ಕಾಣ್ತವೆ. ಅದೇ ಫೋನ್ ಕಾಲ್, ಅದೇ ಟೀ, ಅದೇ ನೋಟ್ಸ್. ಅವನು "ಇಲ್ಲ" ಅಂದ ದಿನ ವ್ಯತ್ಯಾಸ ಗೊತ್ತಾಗುತ್ತೆ. ಆಸೆಪಟ್ಟವನಿಗೆ ದುಃಖ ಆಗುತ್ತೆ, ಆದರೂ ಮಾರನೇ ದಿನ ಪಕ್ಕದಲ್ಲೇ ಕೂರ್ತಾನೆ. ಬಳಸಿಕೊಂಡವನು ಮುಂದಿನ ಹೆಸರಿಗೆ ಹೋಗ್ತಾನೆ.

ಮಾರ್ಕ 10ರಲ್ಲಿ ಒಬ್ಬ ಐಶ್ವರ್ಯವಂತ ಬರ್ತಾನೆ. ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದ ಅಂತ 21ನೇ ವಚನ ಹೇಳುತ್ತೆ. ಆಮೇಲೆ ಕಠಿಣವಾದ ಸತ್ಯ ಹೇಳಿದ. ಅವನು ದುಃಖದಿಂದ ಹೊರಟುಹೋದ. ಸ್ವಾಮಿ ಓಡಿಹೋಗಿ ಷರತ್ತು ಕಡಿಮೆ ಮಾಡಲಿಲ್ಲ, ಹಿಂದಿನಿಂದ ಶಾಪವನ್ನೂ ಹಾಕಲಿಲ್ಲ. ಪ್ರೀತಿ ಮೊದಲೇ ಬಂದಿತ್ತು. ಅವನ ಉತ್ತರದ ಮೇಲೆ ಅದು ನಿಂತಿರಲಿಲ್ಲ.

ಈಗ ನಮ್ಮ ನಾಡಿನ ಮಾತು ಸ್ವಲ್ಪ. ಸಂವಿಧಾನದ 25ನೇ ವಿಧಿ ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಅಂದರೆ ತನ್ನ ಧರ್ಮದ ತತ್ವವನ್ನು ತಿಳಿಸುವ ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಅಂತ ಹೇಳಿತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಾಯ್ದೆ ಉಡುಗೊರೆ, ಹಣ, ಉದ್ಯೋಗ ಇವನ್ನೆಲ್ಲ "ಆಮಿಷ" ಅನ್ನೋ ಮಾತಿನ ಕೆಳಗೆ ತಂದಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಆ ಕಾಯ್ದೆಯ ಹೆಸರಲ್ಲಿ ಸಭೆಗಳಲ್ಲಿ ಹುಟ್ಟಿದ ಹೆದರಿಕೆ ನಿಮಗೆ ಗೊತ್ತಿದೆ, ಅದರ ಬಗ್ಗೆ ಇವತ್ತು ಭಾಷಣ ಮಾಡಲ್ಲ. ನಾನು ಹೇಳೋದು ಇಷ್ಟೇ: ಕಾನೂನು ಇರಲಿ, ಹೋಗಲಿ, ಆಮಿಷ ನಮಗೆ ಬೇಡ. ಯಾಕೆಂದರೆ ಒಬ್ಬ ಮನುಷ್ಯನ ಮನಸ್ಸು ತಿರುಗಿಸೋದು ಪವಿತ್ರಾತ್ಮನ ಕೆಲಸ ಅಂತ ನಾವು ಯೋಹಾನ 16:8ರಿಂದ ಕಲಿತಿದ್ದೀವಿ. ಆತ್ಮನು ಮಾಡಬೇಕಾದ್ದನ್ನು ಬಿರಿಯಾನಿಯಿಂದ, ಫೀಸ್ ದುಡ್ಡಿನಿಂದ ಮಾಡಿಸೋಕೆ ಹೊರಟರೆ ನಮಗೆ ಆತ್ಮನ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ. ಪೆಂಟೆಕೋಸ್ತ್ ಸಭೆ ಅಂತ ಬೋರ್ಡ್ ಹಾಕಿಕೊಂಡವರು ಇದನ್ನು ಮರೀಬಾರದು.

ಹಾಗಾದರೆ ಯಾರಿಗೂ ಸಹಾಯ ಮಾಡಬಾರದಾ? ಮಾಡಬೇಕು, ಕೈತುಂಬಾ ಮಾಡಬೇಕು. ಪಾವಗಡದ ಸೂರ್ಯನನ್ನು ನೋಡಿ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಮಳೆ ಕೈಕೊಟ್ಟ ನೆಲದಲ್ಲಿ ಬಿಸಿಲೇ ಬೆಳೆ ಆಯ್ತು. ಆ ಬಿಸಿಲು ಯಾರ ಹೊಲ, ಯಾವ ಜಾತಿ, ಯಾವ ದೇವರು ಅಂತ ಕೇಳಲ್ಲ. ಮತ್ತಾಯ 5:45ರಲ್ಲಿ ಯೇಸು ತಂದೆಯ ಬಗ್ಗೆ ಹೇಳಿದ್ದು ಅದೇ: ಸೂರ್ಯ ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಮೂಡ್ತಾನೆ, ಮಳೆ ಇಬ್ಬರ ಮೇಲೂ ಸುರಿಯುತ್ತೆ. ಮಳೆಗೆ ಕಾದು ಕಾದು ಗೊತ್ತಿರೋ ನಮ್ಮ ಸೀಮೆಯವರಿಗೆ ಈ ವಾಕ್ಯದ ಬೆಲೆ ಚೆನ್ನಾಗಿ ಗೊತ್ತಾಗಬೇಕು.

ಈಗ ಸೇವೆ ಹೇಗೆ ಕಟ್ಟೋಣ ಅಂತ ಹೇಳ್ತೀನಿ.

ಒಂದು, ನಮ್ಮ ಹೆಸರನ್ನು ಮೊದಲೇ ಹೇಳೋಣ. "ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸ್" ಅಂತ ಕರೆದು ಕೊನೆಯಲ್ಲಿ ಬೈಬಲ್ ತೆಗೆಯೋದು ಬೇಡ. ಬೈಬಲ್ ಸ್ಟಡಿ ಆದರೆ ಬೈಬಲ್ ಸ್ಟಡಿ ಅಂತ ಹಾಕಿ. ಇಂಗ್ಲಿಷ್ ಕ್ಲಾಸ್ ಆದರೆ ಇಂಗ್ಲಿಷ್ ಮಾತ್ರ ಕಲಿಸಿ. ಬಾಗಿಲಲ್ಲೇ ಸುಳ್ಳು ಹೇಳಿದವರ ಸತ್ಯವನ್ನು ಒಳಗೆ ಯಾರು ನಂಬ್ತಾರೆ?

ಎರಡು, ಸಹಾಯಕ್ಕೆ ಹಾಜರಿ ಪುಸ್ತಕ ಇಡೋದು ಬೇಡ. ಸ್ಕಾಲರ್‌ಶಿಪ್ ಅರ್ಜಿ ತುಂಬಿಸೋದು, ಬ್ಯಾಕ್‌ಲಾಗ್ ಇರೋನಿಗೆ ಅಕೌಂಟ್ಸ್ ಹೇಳಿಕೊಡೋದು, ಹಾಸ್ಟೆಲ್‌ನಲ್ಲಿ ಜ್ವರ ಬಂದವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋದು, ಇವನ್ನು ಮಾಡಿ. ಮಾಡಿದ ಮೇಲೆ "ಭಾನುವಾರ ಬಾ" ಅಂತ ಸೇರಿಸಬೇಡಿ. ಕರೆಯೋದಾದರೆ ಇನ್ನೊಂದು ದಿನ, ಅವನು ನಿಮಗೆ ಯಾವ ಋಣದಲ್ಲೂ ಇಲ್ಲದ ಹೊತ್ತಲ್ಲಿ ಕರೀರಿ.

ಮೂರು, ಪಿಯುಸಿ ಮಕ್ಕಳು ಹದಿನಾರು ಹದಿನೇಳರವರು. ತಂದೆತಾಯಿಗೆ ಗೊತ್ತಿಲ್ಲದೆ ಯಾವ ಮಗುವೂ ನಮ್ಮ ಕೂಟದಲ್ಲಿ ಕೂರಬಾರದು. ತಂದೆತಾಯಿಯನ್ನು ಸನ್ಮಾನಿಸು ಅನ್ನೋ ಆಜ್ಞೆಯನ್ನು ಮುರಿಸಿ ದೇವರ ಹತ್ತಿರ ಕರೆತರೋಕೆ ಆಗಲ್ಲ.

ನಾಲ್ಕು, ಅವರ ದಿನ ಹೇಗಿದೆ ಅಂತ ನೋಡಿ. ಕೊರಟಗೆರೆಯಿಂದ ತುಮಕೂರು ಮೂವತ್ತು ಕಿಲೋಮೀಟರ್ ಒಳಗೆ, ದಿನಾ ಹೋಗಿ ಬರ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ. ಆದರೆ ಕತ್ತಲಾಗೋ ಮೊದಲು ಮನೆ ಸೇರಬೇಕು. ಅವರಿಗೆ ರಾತ್ರಿ ಕೂಟ ಇಟ್ಟರೆ ಯಾರಿಗೆ ಇಟ್ಟ ಹಾಗೆ? ಪಾವಗಡದಿಂದ ತುಮಕೂರು ಸುಮಾರು ನೂರು ಕಿಲೋಮೀಟರ್, ಅಲ್ಲಿಯವರು ಹೆಚ್ಚಾಗಿ ಹಾಸ್ಟೆಲ್ ಇಲ್ಲವೇ ರೂಮ್. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕಾಲೇಜಲ್ಲಿ ಇಂಗ್ಲಿಷ್, ಹೀಗೆ ಮೂರು ಭಾಷೆಯ ನಡುವೆ ಒದ್ದಾಡೋ ಮಕ್ಕಳು ಎಷ್ಟೋ ಇದ್ದಾರೆ. ಅವರ ಪ್ರಾರ್ಥನೆ ತೆಲುಗಲ್ಲಿ ಬಂದರೆ ಬರಲಿ ಬಿಡಿ. ಸಿರಾದಲ್ಲಿ ನಿಮ್ಮ ಪಕ್ಕ ಕೂರೋ ಕ್ಲಾಸ್‌ಮೇಟ್ ಮುಸ್ಲಿಂ ಮನೆಯವಳಾಗಿದ್ದರೆ ಅವಳ ರಂಜಾನ್ ಉಪವಾಸದ ದಿನ ಅವಳ ಮುಂದೆ ಟಿಫನ್ ಬಾಕ್ಸ್ ತೆರೀಬೇಡಿ. ಗೌರವ ಅಂದರೆ ಅಷ್ಟೇ, ದೊಡ್ಡದೇನಲ್ಲ.

ಐದು, ಇದನ್ನು ಪಾಸ್ಟರ್ ಕಟ್ಟೋಕೆ ಆಗಲ್ಲ, ನೀವೇ ಕಟ್ಟಬೇಕು. 1844ರಲ್ಲಿ ಲಂಡನ್ನಿನಲ್ಲಿ ವೈಎಂಸಿಎ ಶುರು ಮಾಡಿದ ಜಾರ್ಜ್ ವಿಲಿಯಮ್ಸ್‌ಗೆ ಆಗ 22 ವರ್ಷ. ಹಳ್ಳಿಯ ರೈತರ ಮನೆಯಿಂದ ಬಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ತನ್ನ ಹಾಗೇ ಊರುಬಿಟ್ಟು ಬಂದ ಹುಡುಗರ ಜೊತೆ ಪ್ರಾರ್ಥನೆಗೆ, ಓದಿಗೆ ಕೂತ. ಒಟ್ಟು ಹನ್ನೆರಡು ಜನ. ಬೆಂಗಳೂರಿನ ಪಿಜಿಯಲ್ಲಿ ಕೂತು ಇದನ್ನು ಕೇಳ್ತಾ ಇರೋ ನಮ್ಮ ಮಧುಗಿರಿ, ಸಿರಾ ಮಕ್ಕಳೇ, ನಿಮ್ಮ ರೂಮ್‌ಮೇಟ್‌ಗೆ ನಾನು ಗೊತ್ತಿಲ್ಲ, ನೀವು ಗೊತ್ತು.

ಇದಕ್ಕೆ ಒಂದು ಬೆಲೆ ಇದೆ, ಅದನ್ನು ಮುಚ್ಚಿಡಲ್ಲ. ಹೀಗೆ ಕಟ್ಟಿದರೆ ಸಂಖ್ಯೆ ನಿಧಾನವಾಗಿ ಬೆಳೆಯುತ್ತೆ, ಕೆಲವು ವರ್ಷ ಬೆಳೆಯದೇ ಇರಬಹುದು. ನೀವು ಮೂರು ವರ್ಷ ಪ್ರೀತಿಸಿದ ಗೆಳೆಯ ಡಿಗ್ರಿ ಮುಗಿಸಿ, ಒಂದು ಭಾನುವಾರವೂ ಬಾರದೆ, ಬೆಂಗಳೂರಿಗೆ ಹೋಗಿಬಿಡಬಹುದು. "ಏನು ಫಲ ಬಂತು?" ಅಂತ ಹಿರಿಯರು ಕೇಳ್ತಾರೆ, ಕೇಳೋದು ಅವರ ಜವಾಬ್ದಾರಿ. ಅವರಿಗೆ ಗೌರವದಿಂದ ಹೇಳಿ: ಒಂಬತ್ತು ಜನ ಎಲ್ಲಿ ಅಂತ ಯೇಸು ಸ್ವಾಮಿಯೂ ಕೇಳಿದ. ಆ ಪ್ರಶ್ನೆ ಕಣ್ಣೀರಿನ ಪ್ರಾರ್ಥನೆ ಆಗಲಿ, ಗೆಳೆಯನಿಗೆ ಕಳಿಸೋ ಬಿಲ್ ಆಗಬಾರದು. ಪೌಲನು 1 ಥೆಸಲೋನಿಕ 2ರಲ್ಲಿ ತಾನು ಮುಖಸ್ತುತಿ ಮಾಡಲಿಲ್ಲ, ಸುವಾರ್ತೆಯನ್ನು ಕೊಡೋದರ ಜೊತೆಗೆ ಪ್ರಾಣವನ್ನೇ ಕೊಡೋಕೆ ಸಿದ್ಧನಿದ್ದೆ ಅಂತಾನೆ. ಸುವಾರ್ತೆ ಹೇಳೋಕೆ ಹತ್ತು ನಿಮಿಷ ಸಾಕು. ಜೊತೆಗೆ ಜೀವ ಕೊಡೋಕೆ ವರ್ಷಗಳು ಬೇಕು.

ಈ ವಾರ ಮನೆಗೆ ಹೋಗಿ ಒಂದು ಕೆಲಸ ಮಾಡಿ. ಒಂದು ಕಾಲದಲ್ಲಿ ಸಭೆಗೆ ಕರೆದು, ಬರಲ್ಲ ಅಂದವರ ಹೆಸರು ನಿಮ್ಮ ಫೋನಲ್ಲಿ ಇರುತ್ತೆ. ಅವರಲ್ಲಿ ಒಬ್ಬರಿಗೆ ಕಾಲ್ ಮಾಡಿ. ಕರೆಯೋಕಲ್ಲ. ಅಮ್ಮ ಹೇಗಿದ್ದಾರೆ, ಕೆಲಸ ಸಿಕ್ತಾ, ಊಟ ಆಯ್ತಾ ಅಂತ ಕೇಳಿ, ಫೋನ್ ಇಡಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಿನ್ನ ಬಿಸಿಲು ಮಳೆಯನ್ನು ನಾವೂ ಲೆಕ್ಕವಿಲ್ಲದೆ ಉಂಡಿದ್ದೀವಿ. ಈ ನಾಲ್ಕು ತಾಲ್ಲೂಕಿನ ಮಕ್ಕಳನ್ನು ನಿನ್ನ ಕಣ್ಣಿನಿಂದ ನೋಡೋಕೆ ನಮಗೆ ಕಲಿಸು. ಬಂದವರಿಗಾಗಿ ಸ್ತೋತ್ರ. ಬಾರದವರನ್ನು ನೀನೇ ನೋಡಿಕೋ, ನಮ್ಮ ಪ್ರೀತಿ ಅವರ ಕಡೆ ತಣ್ಣಗಾಗದಂತೆ ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.