ಕೇಳುವುದು ಎಂದರೆ

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಪಕ್ಕದವರ ಉತ್ತರ ನೋಡಿ ಬರೆಯಬಾರದು, ಇಲ್ಲದ್ದನ್ನು ಇದೆ ಎನ್ನಬಾರದು ಎಂದು ಮಕ್ಕಳನ್ನು ಎಷ್ಟು ಸಲ ಗದರಿಸಿದ್ದೇನೋ ಲೆಕ್ಕವಿಲ್ಲ. ಅಂಥ ನಾನೇ, ತಲೆ ಬೆಳ್ಳಗಾದ ಮೇಲೆ, ಒಬ್ಬ ಮುದುಕಿಯ ಉತ್ತರವನ್ನು ತಿರುಗಿಸಿ ಬರೆದೆ. ಯಾರೂ ನೋಡಲಿಲ್ಲ. ಆಕೆಗೆ ಓದಲು ಬಾರದು. ಆ ನೋಟ್‌ಬುಕ್ಕು ಇಂದಿಗೂ ನಮ್ಮ ಬೀರುವಿನಲ್ಲಿದೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಒಬ್ಬರ ಅಭಿಪ್ರಾಯವನ್ನು ಕೇಳುವುದು ಎಂದರೆ ನಿಜವಾಗಿ ಏನು?

ನಾನು ಮದುವೆಯಾಗಿ ಜಗಳೂರಿಗೆ ಬಂದಾಗ ಅದು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾಯಿತು, ನಮ್ಮ ತಾಲ್ಲೂಕು ಅತ್ತ ಸೇರಿತು. ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗವನ್ನು ಬಿಟ್ಟು ಬಂದವು. ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ನಾವು ಬೇರೆ ಜಿಲ್ಲೆಯವರಾಗಿದ್ದೆವು. ತವರಿಗೆ ಬರೆಯುವ ಕಾಗದದ ಮೇಲಿನ ವಿಳಾಸ ಬದಲಾಯಿತು. ನಮ್ಮ ಅತ್ತೆಯವರು ರೊಟ್ಟಿ ತಟ್ಟುತ್ತಲೇ, "ನಮ್ಮನ್ನ ಯಾರು ಕೇಳಿದ್ರವ್ವಾ?" ಎಂದು ನಕ್ಕರು. ಅದು ದೂರೇನೂ ಆಗಿರಲಿಲ್ಲ. ಕೇಳುವ ರೂಢಿಯೇ ಇಲ್ಲದ ಕಡೆ ಕೇಳಲಿಲ್ಲವೆಂಬ ದೂರು ಹುಟ್ಟುವುದಿಲ್ಲ. ಅವರನ್ನು ಮದುವೆಗೂ ಕೇಳಿರಲಿಲ್ಲ, ಮನೆ ಕಟ್ಟುವಾಗ ಅಡುಗೆಮನೆಯ ಕಿಟಕಿ ಎಲ್ಲಿರಬೇಕೆಂದೂ ಕೇಳಿರಲಿಲ್ಲ.

ನಮ್ಮದು ಮಳೆ ಕಡಿಮೆಯ ಸೀಮೆ. ರೈಲು ಹತ್ತಬೇಕಾದರೆ ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗಬೇಕು. ಆದರೂ ಊರು ಬೆಳೆಯುತ್ತಿದೆ. ತುಂಗಭದ್ರೆಯ ನೀರನ್ನು ತಾಲ್ಲೂಕಿನ 57 ಕೆರೆಗಳಿಗೆ ಹರಿಸುವ ಯೋಜನೆ ಬಂದ ಮೇಲೆ ಹಳ್ಳಿಯವರ ಮುಖದಲ್ಲಿ ಗೆಲುವು ಕಾಣುತ್ತದೆ. ಮೆಕ್ಕೆಜೋಳ ಬೆಳೆಯುತ್ತಿದ್ದ ಹೊಲದಲ್ಲಿ ನಿವೇಶನದ ಕಲ್ಲು ನೆಟ್ಟದ್ದನ್ನೂ ಕಂಡಿದ್ದೇನೆ. ಮುಖ್ಯರಸ್ತೆ ಅಗಲವಾಗಬೇಕು ಎಂಬ ಮಾತಂತೂ ಟೀ ಅಂಗಡಿಯಿಂದ ಮದುವೆ ಮಂಟಪದವರೆಗೆ ಎಲ್ಲೆಲ್ಲೂ ಇತ್ತು.

ಹೀಗಿರುವಾಗ 2024ರಲ್ಲಿ ನಮ್ಮ ಓಣಿಯ ಹೆಂಗಸರ ಸಂಘದಲ್ಲಿ ಒಂದು ಯೋಚನೆ ಬಂತು. ಹಳ್ಳಿಯವರಿಗೆ ಗ್ರಾಮಸಭೆ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದೆ. ನಮ್ಮಂಥ ಪುಟ್ಟ ಪಟ್ಟಣಗಳ ಮಟ್ಟಿಗೆ ಸಂವಿಧಾನದಲ್ಲಿ ಆ ಕಡ್ಡಾಯವಿಲ್ಲ. ಹಾಗಾದರೆ ನಾವೇ ಮನೆ ಮನೆಗೆ ಹೋಗಿ ಕೇಳೋಣ, ಕೇಳಿದ್ದನ್ನು ಒಂದು ಮನವಿಯಾಗಿ ಕೊಡೋಣ ಎಂದುಕೊಂಡೆವು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ನೋಟ್‌ಬುಕ್ಕು ನನ್ನ ಕೈಗೆ ಬಂತು. ಪ್ರಶ್ನೆಗಳು ಮೂರು. ಮುಖ್ಯರಸ್ತೆ ಅಗಲವಾಗಬೇಕೇ, ಬೇಡವೇ? ಓಡಾಟಕ್ಕೆ ನಿಮಗಿರುವ ತೊಂದರೆ ಏನು? ಇಪ್ಪತ್ತು ವರ್ಷದ ಮೇಲೆ ಊರು ಹೇಗಿರಬೇಕು?

ಮೊದಲ ದಿನ ಹತ್ತು ಮನೆಗೆ ಹೋಗಿ ಬಂದೆ. ಹತ್ತರಲ್ಲೂ ಒಂದೇ ಮಾತು: "ಯಜಮಾನ್ರು ಇಲ್ಲ ಟೀಚರ್, ಸಂಜೆ ಬನ್ನಿ." ನಾನೂ ಸಂಜೆ ಹೋಗಿ ಯಜಮಾನರ ಉತ್ತರವನ್ನೇ ಬರೆದುಕೊಂಡೆ. ಹೆಂಗಸರ ಸಂಘದ ಪುಸ್ತಕದಲ್ಲಿ ಗಂಡಸರ ಅಭಿಪ್ರಾಯ ತುಂಬಿಕೊಳ್ಳುತ್ತಿದೆ ಎಂದು ಹೊಳೆದದ್ದು ಮೂರನೆಯ ದಿನ. ಆಮೇಲೆ ಪಟ್ಟು ಹಿಡಿದು ಹೆಂಗಸರನ್ನೇ ಕೇಳಿದೆ. "ಅಯ್ಯೋ, ನಮಗೇನು ಗೊತ್ತಾಗುತ್ತೆ?" ಎಂದರು. ಆಗ ಪ್ರಶ್ನೆಯನ್ನೇ ಬದಲಿಸಿದೆ. ಅಭಿಪ್ರಾಯ ಎಂಬ ಶಬ್ದವನ್ನು ಬಿಟ್ಟು, "ನಿನ್ನೆ ಬೆಳಗಿನಿಂದ ಎಲ್ಲೆಲ್ಲಿಗೆ ಹೋಗಿ ಬಂದ್ರಿ?" ಎಂದು ಕೇಳಿದೆ. ಕೆರೆಯ ತೂಬು ಎತ್ತಿದ ಹಾಗಾಯಿತು! ಮಗುವನ್ನು ಅಂಗನವಾಡಿಗೆ ಬಿಟ್ಟದ್ದು, ಅಲ್ಲಿಂದ ಹಾಗೇ ರೇಷನ್ ಅಂಗಡಿ, ಅತ್ತೆಗೆ ಗುಳಿಗೆ, ಮಧ್ಯಾಹ್ನ ಸಂಘದ ಕಂತು, ಸಂಜೆ ಟ್ಯೂಷನ್ನಿಗೆ ಹೋದ ಮಗಳು ಬರುವವರೆಗೆ ಬಾಗಿಲಲ್ಲಿ ನಿಂತದ್ದು. ಬಸ್ ಸ್ಟ್ಯಾಂಡಿನಲ್ಲಿ ಶೌಚಕ್ಕೆ ಹೋಗಲು ಹೇಸಿ ದಾವಣಗೆರೆ ಮುಟ್ಟುವವರೆಗೆ ನೀರೇ ಕುಡಿಯದೆ ಕುಳಿತದ್ದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಷ್ಟೆ. ಆದರೆ ಹೊತ್ತಿಗೆ ಸರಿಯಾಗಿ ಬರುವುದು ಖಾಸಗಿ ಬಸ್ಸಾದರೆ ದುಡ್ಡು ಕೊಟ್ಟೇ ಹತ್ತಬೇಕು, ಬಿಟ್ಟಿಯಾಗಿ ಹೋಗಬೇಕೆಂದರೆ ಕಾಯಬೇಕು. "ಕಾಯೋದು ಬಿಟ್ಟಿ ಅಲ್ವಲ್ಲ ಟೀಚರ್" ಎಂದಳು ಒಬ್ಬಳು. ಇದೆಲ್ಲ ಅಭಿಪ್ರಾಯವಲ್ಲದೆ ಮತ್ತೇನು? ಅವರಿಗೆ ಅದು ಅಭಿಪ್ರಾಯವೆಂದು ಗೊತ್ತಿರಲಿಲ್ಲ, ಅಷ್ಟೆ.

ಇದು ನಮ್ಮೂರಿನ ಹೆಂಗಸರ ಪಾಡು ಮಾತ್ರವಲ್ಲ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ 1999ರಲ್ಲಿ ಒಂದು ಬಡಾವಣೆಯ ಜನರಿಗೆ, ಊರೊಳಗೆ ನೀವು ಹೇಗೆ ಓಡಾಡುತ್ತೀರಿ ಎಂದು ನಮೂನೆ ಕೊಟ್ಟು ಕೇಳಿದ್ದರು. ಗಂಡಸರಲ್ಲಿ ಹೆಚ್ಚಿನವರು ಐದೇ ನಿಮಿಷದಲ್ಲಿ ತುಂಬಿ ಕೊಟ್ಟರಂತೆ: ಬೆಳಗ್ಗೆ ಕೆಲಸಕ್ಕೆ, ಸಂಜೆ ಮನೆಗೆ. ಹೆಂಗಸರು ಮಾತ್ರ ಬರೆಯುವುದನ್ನು ನಿಲ್ಲಿಸಲೇ ಇಲ್ಲವಂತೆ. ಮಗುವಿನ ಜೊತೆ ವೈದ್ಯರಲ್ಲಿಗೆ, ಅಲ್ಲಿಂದ ಶಾಲೆಗೆ, ಅಂಗಡಿಗೆ, ವಯಸ್ಸಾದ ತಾಯಿಯ ಮನೆಗೆ. ಅದನ್ನು ಓದಿದ ಅಧಿಕಾರಿಗಳು ಕಾಲುದಾರಿಗಳನ್ನು ಅಗಲ ಮಾಡಿಸಿದರು, ದಾಟುವ ಕಡೆ ದೀಪ ಹಾಕಿಸಿದರು, ತಳ್ಳುಗಾಡಿಗೆ ಇಳಿಜಾರು ಕಟ್ಟಿಸಿದರು. ಅಲ್ಲಿ ನಡೆದದ್ದು ಪವಾಡವೇನಲ್ಲ. ಬರೆದದ್ದನ್ನು ಬರೆದ ಹಾಗೆಯೇ ಓದಿದರು.

ನಾನು ತಪ್ಪಿದ್ದು ಅಲ್ಲಿಯೇ. ಮುಖ್ಯರಸ್ತೆಯ ಬದಿಯಲ್ಲಿ ಒಬ್ಬ ಅಜ್ಜಿ ಹೂವು ಕಟ್ಟಿ ಮಾರುತ್ತಾಳೆ. ಮನೆಗಳನ್ನಷ್ಟೇ ಕೇಳಿದರೆ ಸಾಲದು, ರಸ್ತೆಯ ಮೇಲೇ ಬದುಕುವವರನ್ನೂ ಕೇಳಬೇಕೆಂದು ಅವಳ ಮುಂದೆ ಕುಳಿತೆ. ಅವಳು ಕೈ ನಿಲ್ಲಿಸದೆ ಹೇಳಿದಳು: "ಅಗಲ ಮಾಡೋದು ಬ್ಯಾಡ ಅಂತ ಬರ್ಕಳಿ ಅಮ್ಮಾರೆ. ಅಗಲ ಆದ್ರೆ ಗಾಡಿಗಳು ಭರ್ ಅಂತ ಹೋಗ್ತವೆ. ಯಾರು ನಿಂತು ಹೂವ ತಗಂತಾರೆ? ನಾನು ಈ ಕಡೆಯಿಂದ ಆ ಕಡೆಗೆ ಹೆಂಗೆ ದಾಟ್ಲಿ?"

ಪೆನ್ನು ಹಿಡಿದುಕೊಂಡೇ ಕುಳಿತಿದ್ದೆ. ಎರಡು ವರ್ಷದ ಹಿಂದೆ ಒಂದು ಸಂತೆಯ ದಿನ ನಮ್ಮ ಯಜಮಾನರಿಗೆ ಎದೆನೋವು ಬಂತು. ದಾವಣಗೆರೆಗೆ ಕರೆದೊಯ್ಯುವ ಕಾರು ಇದೇ ರಸ್ತೆಯಲ್ಲಿ ಒಂದು ಲಾರಿಯ ಹಿಂದೆ ಸಿಕ್ಕಿಕೊಂಡಿತು. ಆ ಸ್ವಲ್ಪ ಹೊತ್ತು ನನಗೆ ಒಂದು ಯುಗವಾಗಿತ್ತು. ದೇವರ ದಯೆ, ಉಳಿದುಕೊಂಡರು. ಅಂದಿನಿಂದ ರಸ್ತೆ ಅಗಲವಾಗಬೇಕು ಎಂಬುದು ನನಗೆ ವಾದವಾಗಿ ಉಳಿಯಲಿಲ್ಲ, ಹರಕೆಯ ಹಾಗಾಯಿತು. ಪಾಪ, ಮುದುಕಿಗೆ ತಿಳಿಯದು, ನಾಳೆ ಅವಳಿಗೇ ಏನಾದರೂ ಆದರೆ ಇದೇ ರಸ್ತೆ ಬೇಕಲ್ಲ ಎಂದುಕೊಂಡೆ. ಮನೆಗೆ ಬಂದು ಅವಳ ಸಾಲಿನಲ್ಲಿ "ಅಗಲವಾಗಬೇಕು" ಎಂದು ಬರೆದೆ. ಮನವಿಯಲ್ಲಿ ಇಷ್ಟು ಜನ ಬೇಕೆಂದರು, ಇಷ್ಟು ಜನ ಬೇಡವೆಂದರು ಎಂದು ಲೆಕ್ಕ ಹೋಯಿತು. ಬೇಕೆಂದವರ ಲೆಕ್ಕದಲ್ಲಿ ಅಜ್ಜಿಯೂ ಸೇರಿಹೋದಳು.

ಒಂದೇ ಒಂದು ಸಾಲು, ಅದರಿಂದ ಏನಾಯಿತು ಎನ್ನಬಹುದು. ನನ್ನ ಮನಸ್ಸೂ ಬಹಳ ದಿನ ಹಾಗೇ ಅನ್ನುತ್ತಿತ್ತು. ಆದರೆ ಬೆಂಗಳೂರಿನ ಒಂದು ಸಂಗತಿ ನೆನಪಿಗೆ ಬಂದು ನೆಮ್ಮದಿ ಕೆಡಿಸಿತು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಿದ್ದರು. ಜನಾಭಿಪ್ರಾಯ ಕೇಳಿದ್ದೇವೆ, ಸುಮಾರು ಮುನ್ನೂರು ಇ-ಮೇಲ್ ಬಂದಿವೆ, ಹೆಚ್ಚಿನವರು ಪರವಾಗಿದ್ದಾರೆ ಎಂದು ಅಧಿಕಾರಿಗಳು ಹೇಳಿದರು. ಆ ವರ್ಷದ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯಲ್ಲಿ ಕೈಗೆ ಕೈ ಸೇರಿಸಿ "ಬೇಡ" ಎಂದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಪತ್ರಿಕೆಯಲ್ಲಿ ಅದನ್ನು ಓದಿದಾಗ, ಅಷ್ಟು ದೊಡ್ಡ ಊರಿಗೆ ಮುನ್ನೂರು ಮಾತೇ ಎಂದು ನಾನೂ ಮೂಗು ಮುರಿದಿದ್ದೆ. ಈಗ ನನ್ನ ನೋಟ್‌ಬುಕ್ಕು ನನ್ನನ್ನು ನೋಡಿ ಮೂಗು ಮುರಿಯುವ ಹಾಗಿತ್ತು. ಅಲ್ಲಿ ಕೇಳಿದ್ದು ಕಡಿಮೆ. ಇಲ್ಲಿ ನಾನು ಎದುರಿಗೇ ಕುಳಿತು ಕೇಳಿ, ಕೇಳಿಸಿಕೊಳ್ಳದೆ ಎದ್ದು ಬಂದಿದ್ದೆ.

ನಮ್ಮ ಭಾಷೆಯ ಚಂದ ನೋಡಿ. ಪ್ರಶ್ನೆ ಹಾಕುವುದಕ್ಕೂ ಕೇಳುವುದು ಎನ್ನುತ್ತೇವೆ, ಕಿವಿಗೊಡುವುದಕ್ಕೂ ಕೇಳುವುದು ಎನ್ನುತ್ತೇವೆ. ಎರಡನ್ನೂ ಒಂದೇ ಶಬ್ದದಲ್ಲಿ ಇಟ್ಟ ಹಿರಿಯರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡಬಹುದು ಎಂದುಕೊಂಡಿರಲಾರರು.

ನಮ್ಮ ಯಜಮಾನರ ವಾದ ಬೇರೆ. "ಎಲ್ಲರ ಮಾತು ಕೇಳ್ತಾ ಕೂತರೆ ಒಂದು ರಸ್ತೇನೂ ಆಗಲ್ಲ. ಹತ್ತು ಜನಕ್ಕೆ ಒಳ್ಳೇದಾಗೋ ಕಡೆ ಒಬ್ಬರಿಗೆ ನಷ್ಟ ಆಗೇ ಆಗುತ್ತೆ" ಎನ್ನುತ್ತಾರೆ. ಆ ಮಾತನ್ನು ನಾನು ತಳ್ಳಿಹಾಕಲಾರೆ. ಆ ದಿನದ ಲಾರಿ ಇನ್ನೂ ನನ್ನ ಕಣ್ಣ ಮುಂದಿದೆ. ಆದರೆ ಯೋಚಿಸಿದಷ್ಟೂ ನನಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೇಳಿದವರು ಕೇಳಿದ್ದನ್ನೆಲ್ಲ ನಡೆಸಿಕೊಡಬೇಕೆಂದಿಲ್ಲ. ಅಜ್ಜಿ ಬೇಡವೆಂದ ಮಾತ್ರಕ್ಕೆ ರಸ್ತೆ ನಿಲ್ಲಬೇಕೆಂದಿಲ್ಲ. ಆದರೆ ಬೇಡವೆಂದದ್ದು ಬೇಡವೆಂದೇ ಉಳಿಯಬೇಕು. ಹತ್ತು ಜನರ ಒಳ್ಳೆಯದಕ್ಕೆ ಒಬ್ಬಳು ಜಾಗ ಕಳೆದುಕೊಳ್ಳುವಾಗ, ಕಳೆದುಕೊಂಡವಳು ಒಬ್ಬಳಿದ್ದಾಳೆ ಎಂಬುದಾದರೂ ಆ ಹತ್ತು ಜನರಿಗೆ ತಿಳಿಯಬೇಕು. ಅವಳನ್ನೂ ಒಪ್ಪಿದವರ ಜೊತೆ ಎಣಿಸಿಬಿಟ್ಟರೆ ಅವಳ ಜಾಗವೂ ಹೋಯಿತು, ಹೋಯಿತು ಎಂದು ಹೇಳುವ ಬಾಯಿಯೂ ಹೋಯಿತು.

ಇನ್ನೊಂದು ಪ್ರಶ್ನೆಯೂ ಇದರ ಬೆನ್ನಿಗೆ ಬರುತ್ತದೆ. ಕೇಳಬೇಕಾದದ್ದು ಯಾರನ್ನು? ನಮ್ಮ ಜಿಲ್ಲಾ ಕೇಂದ್ರ ದಾವಣಗೆರೆ 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಬಂತು. ಆ ಸ್ಪರ್ಧೆಯಲ್ಲಿ ನಗರವಾಸಿಗಳ ಅಭಿಪ್ರಾಯ ಸಂಗ್ರಹಿಸುವುದೂ ಒಂದು ಭಾಗವಾಗಿತ್ತು. ಒಳ್ಳೆಯದೇ. ಆದರೆ ಬೆಳಗಿನ ಬಸ್ಸಿಗೆ ಜಗಳೂರಿನಿಂದ, ಬಿಳಿಚೋಡಿನಿಂದ ಹೋಗಿ ಕಾಲೇಜು ಮುಗಿಸಿ ಸಂಜೆಗೆ ಮರಳುವ ಹುಡುಗಿ ಆ ನಗರದವಳೇ, ಅಲ್ಲವೇ? ಊರೆಂದರೆ ಅಲ್ಲಿ ರಾತ್ರಿ ಮಲಗುವವರು ಮಾತ್ರವೇ? ನಮ್ಮ ಹೂವಿನಜ್ಜಿಯೂ ಹಳ್ಳಿಯಿಂದ ಬಂದು ಹೋಗುವವಳು. ಜಗಳೂರಿನ ಯಾವ ಮನೆಯ ಬಾಗಿಲಲ್ಲೂ ಅವಳು ಸಿಗುವುದಿಲ್ಲ. ಆದರೆ ನಮ್ಮೆಲ್ಲರಿಗಿಂತ ಹೆಚ್ಚು ಹೊತ್ತು ಆ ರಸ್ತೆಯ ಮೇಲೆ ಇರುವವಳು ಅವಳೇ.

ಕೊನೆಗೊಂದು ದಿನ ಅವಳ ಹತ್ತಿರ ಹೋಗಿ ಕುಳಿತೆ. ಎರಡು ಮಾರು ಹೂವು ಕೊಂಡೆ. ಅದೂ ಒಂದು ನೆಪ. ಆಮೇಲೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವಳು ನಾರು ಹಿಡಿದ ಕೈಯನ್ನು ಮೊದಲ ಸಲ ನಿಲ್ಲಿಸಿದಳು.

"ಹಂಗಾರೆ ನಾ ಹೇಳಿದ್ದು ಬರೀಲೇ ಇಲ್ವಾ?"

"ಇಲ್ಲ ಅಜ್ಜಿ."

"ಯಾಕೆ?"

ಯಜಮಾನರ ಎದೆನೋವು, ಲಾರಿ, ಎಲ್ಲವನ್ನೂ ಹೇಳಿದೆ. ಅವಳು ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳಿದಳು. ನಾನು ಅವಳಿಗೆ ಕೊಡದ ಕಿವಿಯನ್ನು ಅವಳು ನನಗೆ ಕೊಟ್ಟಳು. ಆಮೇಲೆ ಹೇಳಿದಳು: "ಅದೂ ದಿಟಾನೇ ಬಿಡಿ. ಇದನ್ನ ಅವತ್ತೇ ಹೇಳ್ಬಾರ್ದಾಗಿತ್ತಾ ಅಮ್ಮಾರೆ? ಅಗಲ ಮಾಡ್ಲಿ, ಆದ್ರೆ ಮುದುಕ್ರು ಮಕ್ಳು ದಾಟಾಕೆ ಒಂದು ಜಾಗ ಬಿಡ್ಲಿ, ಕುಂತು ವ್ಯಾಪಾರ ಮಾಡಾಕೆ ಒಂದು ಬದಿ ಬಿಡ್ಲಿ ಅಂತಿದ್ದೆ."

ನಾನು ಯೋಚಿಸದಿದ್ದ ಉತ್ತರ ಅದು. ಬೇಕು, ಬೇಡ ಎಂಬ ಎರಡೇ ಮನೆ ಹಾಕಿದ್ದ ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ನನ್ನ ಕಷ್ಟವನ್ನು ಬಚ್ಚಿಟ್ಟುಕೊಂಡು ಅವಳ ಅಭಿಪ್ರಾಯ ಕೇಳಿದ್ದೆ. ನನ್ನದನ್ನೂ ಮುಂದಿಟ್ಟಿದ್ದರೆ ಇಬ್ಬರ ಕಷ್ಟಕ್ಕೂ ಒಂದೇ ದಾರಿ ಅಂದೇ ಸಿಗುತ್ತಿತ್ತು.

ಮರುದಿನ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಅವಳ ಮಾತನ್ನು ಅವಳು ಆಡಿದ ಹಾಗೆಯೇ ಬರೆದೆ. ಸಂಘದಲ್ಲಿ ತಪ್ಪನ್ನು ಒಪ್ಪಿಕೊಂಡೆ. ಮನವಿಗೆ ತಿದ್ದುಪಡಿ ಎಂದು ಇನ್ನೊಂದು ಕಾಗದ ಬರೆದು ಕೊಟ್ಟು ಬಂದೆವು. ಲೆಕ್ಕದಲ್ಲಿ ಒಂದು ಕಡೆ ಒಂದು ಕಡಿಮೆಯಾಯಿತು. ಅದರಿಂದ ಊರಿನ ಹಣೆಬರಹ ಬದಲಾಗುತ್ತದೆಂದು ನಾನು ನಂಬಿಲ್ಲ.

ಆದರೆ ನಿಮ್ಮ ಮನೆಯ ಬಾಗಿಲಿಗೆ ಯಾರಾದರೂ ಕಾಗದ ಪೆನ್ನು ಹಿಡಿದು ಬಂದರೆ, ಯಜಮಾನರು ಇಲ್ಲ ಎಂದು ಕಳಿಸಬೇಡಿ. ನಿನ್ನೆ ಎಲ್ಲೆಲ್ಲಿಗೆ ಹೋಗಿ ಬಂದಿರಿ, ಎಲ್ಲಿ ಕಾದಿರಿ, ಎಲ್ಲಿ ಹೆದರಿದಿರಿ, ಅಷ್ಟು ಹೇಳಿದರೆ ಸಾಕು. ಹೇಳಿ ಮುಗಿಸಿದ ಮೇಲೆ, ಏನು ಬರೆದುಕೊಂಡಿರಿ, ಒಂದು ಸಲ ಓದಿ ಹೇಳಿ ಎಂದು ಕೇಳಿ. ಹೂವಿನಜ್ಜಿ ಈಗ ನನ್ನನ್ನು ಹಾಗೆಯೇ ಕೇಳುತ್ತಾಳೆ. ಅವಳಿಗಾಗಿ ಒಂದು ಅರ್ಜಿ ಬರೆದುಕೊಟ್ಟರೂ, "ಓದ್ರಿ ನೋಡಾನ" ಎನ್ನುತ್ತಾಳೆ. ನಾನು ಓದುತ್ತೇನೆ.