ಯಂತ್ರದ ದುರಸ್ತಿಯೂ ಗೃಹಸ್ಥನ ಕೈಯೂ

ಶರಣರ ಮತದಲ್ಲಿ ಕೈಗೆ ಅಂಟಿದ ಮಸಿಯು ಮೈಲಿಗೆಯಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಟ್ಟೆ ಮಡಿಮಾಡುವ ಮಾಚಯ್ಯನೂ ಹಗ್ಗ ಹೊಸೆಯುವ ಚಂದಯ್ಯನೂ ದೋಣಿ ನಡೆಸುವ ಚೌಡಯ್ಯನೂ ತಂತಮ್ಮ ಕೆಲಸದ ಹೆಸರಿನಿಂದಲೇ ಪ್ರಸಿದ್ಧರಾದರು. ಹೀಗಿರಲಾಗಿ, ಇಂದು ಗೃಹಸ್ಥನೊಬ್ಬನು ಅಂಗಡಿಗೆ ಹಣ ತೆರದೆ ತನ್ನ ಮೋಟಾರು ಸೈಕಲ್ಲಿನ ಎಂಜಿನ್ನನ್ನು ತಾನೇ ಬಿಚ್ಚಿ ಕುಳಿತರೆ ಅದು ಕಾಯಕವೋ ಲೋಭವೋ? ನೆರೆಯವನು ಅವನನ್ನು ಜುಗ್ಗನೆನ್ನುವನು. ಅವನು ತನ್ನನ್ನು ಸ್ವಾವಲಂಬಿಯೆಂದುಕೊಳ್ಳುವನು. ಎರಡೂ ಅವಸರದ ಮಾತುಗಳು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ದಿ ಗಾಡಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಕಾರ್ಖಾನೆ ಮುಚ್ಚಿದರೂ ಈ ಗಾಡಿಗಳು ಈ ನಾಡಿನ ಎಷ್ಟೋ ಮನೆಗಳಲ್ಲಿ ಇನ್ನೂ ಓಡುತ್ತಿರುವುವು. (ಕಿಕ್ ಹೊಡೆಯುವ ಸನ್ನೆಯನ್ನೇ ಮಡಿಸಿ ಗೇರು ಬದಲಿಸುವ ಇವುಗಳ ಏರ್ಪಾಡು ಜಾಣತನದ್ದೇ ಸರಿ.) ಇವುಗಳ 250 ಸಿ.ಸಿ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತ್ಯೇಕ ಕವಾಟಗಳಿಲ್ಲ; ಪಿಸ್ಟನ್ನೇ ಏರಿಳಿಯುತ್ತ ದ್ವಾರಗಳನ್ನು ತೆರೆದು ಮುಚ್ಚುವುದು. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಭಾಗಗಳಿಗೆ ಜಿಡ್ಡನ್ನೊದಗಿಸಿ, ಬಳಿಕ ಉರಿದು, ಕರಿಯನ್ನು ಉಳಿಸುವುದು. ಆದಕಾರಣ ಈ ಎಂಜಿನ್ನಿನ ರೋಗಗಳಲ್ಲಿ ಬಹುಪಾಲು ಕರಿಯ ರೋಗಗಳೇ.

ಗಾಡಿ ಹೊರಡದಿದ್ದರೆ ಮೊದಲು ಪ್ಲಗ್ಗನ್ನು ಬಿಚ್ಚಿ ನೋಡತಕ್ಕದ್ದು. ಅದು ಕಪ್ಪಾಗಿ ಒದ್ದೆಯಾಗಿದ್ದರೆ ಉಜ್ಜಿ ಒಣಗಿಸಿ, ಚೆಲ್ಲಿದ ಪೆಟ್ರೋಲನ್ನು ಪೂರ್ತಿಯಾಗಿ ಒರೆಸಿದ ಮೇಲೆಯೇ, ಅದರ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಡಿಯನ್ನು ಪರೀಕ್ಷಿಸಬೇಕು. ಕಿಡಿ ಬಾರದಿದ್ದರೆ ಪಾಯಿಂಟಿನ ಎಡೆಯನ್ನು ಅಳೆಯುವ ತಗಡಿನಿಂದ ನೋಡಬೇಕು. ಅದು ಸುಮಾರು 0.4 ಮಿಲಿಮೀಟರು, ಉಗುರಿನ ದಪ್ಪದಷ್ಟು. ಕಿಡಿಯಿದ್ದೂ ಎಳೆತ ಕುಗ್ಗಿದ್ದರೆ ಹೊಗೆ ಹೋಗುವ ದಾರಿಯಲ್ಲಿ ಕರಿ ಕಟ್ಟಿರುವುದುಂಟು. ಆಗ ಎಂಜಿನ್ನು ತಣಿದ ಮೇಲೆ ತಲೆಯ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ ತೆಗೆದು, ಕರಿಯನ್ನು ಮರದ ಚಕ್ಕೆಯಿಂದ ಕೆರೆಯಬೇಕು. ಉಕ್ಕಿನ ಉಳಿಯನ್ನು ಹಿಡಿದವನು ಅಲ್ಯೂಮಿನಿಯಮ್ಮಿನ ಪಿಸ್ಟನ್ನಿನ ಮೇಲೆ ಗೀರು ಬೀಳಿಸುವನು. ಅವಸರದಿಂದ ಪ್ಲಗ್ಗನ್ನು ಓರೆಯಾಗಿ ತಿರುಗಿಸಿದವನು ತಲೆಯ ಮರೆಯನ್ನೇ ಕೆಡಿಸಿ, ಉಳಿಸಿದ ಹಣದ ಹಲವು ಪಾಲನ್ನು ಅಂಗಡಿಗೇ ಸುರಿಯುವನು.

ಇಷ್ಟನ್ನು ಮಾಡಿದ ಗೃಹಸ್ಥನು ಕಾಯಕ ಮಾಡಿದೆನೆಂದು ಹಿಗ್ಗಬಾರದು. ದುಡಿಮೆಯಿಂದ ಸಂಸಾರ ನಡೆದು, ಮಿಕ್ಕದ್ದು ದಾಸೋಹಕ್ಕೆ ಸಲ್ಲುವುದಾದರೆ ಅದು ಕಾಯಕ. ತನ್ನ ಗಾಡಿಯನ್ನು ತಾನು ತಿದ್ದಿಕೊಳ್ಳುವುದು ತನ್ನ ಬಟ್ಟೆಯನ್ನು ತಾನು ಒಗೆದುಕೊಂಡಂತೆ. ಒಳ್ಳೆಯದೇ, ಆದರೆ ಅಷ್ಟಕ್ಕೆ ಅವನು ಮಾಚಯ್ಯನಾಗಲಾರನು. ಈ ವಿಷಯದಲ್ಲಿ ಕಾಯಕವುಳ್ಳವನು ಅಂಗಡಿಯ ಮೆಕ್ಯಾನಿಕ್ಕೇ.

ಇಲ್ಲಿಯೇ ಸೂಕ್ಷ್ಮವಾದ ಒಂದು ತಪ್ಪು ನಡೆಯುವುದು. ಗೃಹಸ್ಥನು ಗಾಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿ, ಮೆಕ್ಯಾನಿಕ್ಕನು ಕಿವಿಗೊಟ್ಟು ಶಬ್ದ ಕೇಳಿ ದೋಷವಿಂಥದೆಂದು ಹೇಳಿದೊಡನೆ, "ನಾಳೆ ಬರುತ್ತೇನೆ" ಎಂದು ಮನೆಗೆ ಹೋಗಿ ತಾನೇ ಸರಿಪಡಿಸುವನು. ಆ ಕಿವಿಯು ಇಪ್ಪತ್ತು ವರುಷಗಳ ದುಡಿಮೆಯಿಂದ ಬಂದದ್ದು; ಅದಕ್ಕೆ ಕೂಲಿಯಿಲ್ಲವೇ? ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಒಲೆಗೆ ಏರಿಸದೆ, ಹೆಚ್ಚಿನದನ್ನು ಇದ್ದಲ್ಲಿಗೇ ಹಾಕಿಬರುವಂತೆ ಹೇಳಿದ ಕಥೆಯನ್ನು ಕೇಳದ ಮನೆಯಿಲ್ಲ. ಮಾರಯ್ಯನು ಕದ್ದಿರಲಿಲ್ಲ, ಆದರೂ ಬೇಕಾದುದಕ್ಕಿಂತ ಹೆಚ್ಚಿನದು ಆ ಗಡಿಗೆಗೆ ಸಲ್ಲಲಿಲ್ಲ. ಕೂಲಿ ಕೊಡದೆ ಪಡೆದ ಅರಿವೂ ಅಂಥ ಅಕ್ಕಿಯೇ.

ಇನ್ನು ಬ್ರೇಕಿನ ಮಾತು. ಎಂಜಿನ್ನು ಕೆಟ್ಟರೆ ಗಾಡಿ ನಿಲ್ಲುವುದು. ಬ್ರೇಕು ಕೆಟ್ಟರೆ ನಿಲ್ಲದು. ಹಿಂದೆ ಕುಳಿತ ಮಡದಿಯೂ ಮುಂದೆ ಕುಳಿತ ಮಗುವೂ ಅವನ ಕಲಿಕೆಯ ವೆಚ್ಚವನ್ನು ತೆರುವಂತಾಗಬಾರದು. ಕೈ ಪಳಗುವವರೆಗೆ ಅದನ್ನು ಬಲ್ಲವನಿಗೇ ಒಪ್ಪಿಸತಕ್ಕದ್ದು.

ಎಂಜಿನ್ನಿನಲ್ಲಿಯೂ ಒಂದು ಎಲ್ಲೆಯುಂಟು. ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ಆಯಿಲ್ ಸೀಲುಗಳು ಸವೆದರೆ ಹೊರಗಿನ ಗಾಳಿ ಒಳನುಗ್ಗಿ, ಮಿಶ್ರಣ ತೆಳುವಾಗಿ, ಎಂಜಿನ್ನು ಹಿಡಿತಕ್ಕೆ ಸಿಕ್ಕದೆ ಓಡುವುದು. ಅತಿಯಾಗಿ ಕಾದು ಪಿಸ್ಟನ್ನು ಕಚ್ಚಿಕೊಳ್ಳುವುದೂ ಉಂಟು. ಪ್ಲಗ್ಗು ಶುದ್ಧವಾಗಿದ್ದು, ಪಾಯಿಂಟು ಸರಿಯಾಗಿದ್ದು, ಕರಿಯನ್ನು ಕೆರೆದೂ ಈ ಲಕ್ಷಣಗಳು ಕಂಡರೆ ಗೃಹಸ್ಥನು ಪಾನೆಯನ್ನು ಕೆಳಗಿಟ್ಟು, ಗಾಡಿಯನ್ನು ತಳ್ಳಿಕೊಂಡು ಅಂಗಡಿಗೆ ಹೋಗಲಿ. ತಾನು ಏನೇನನ್ನು ಬಿಚ್ಚಿದ್ದೆನೆಂಬುದನ್ನು ಮುಚ್ಚಿಡದೆ ಹೇಳಲಿ. ಮೆಕ್ಯಾನಿಕ್ಕನು ನ್ಯಾಯವಾಗಿ ಕೇಳಿದ ಕೂಲಿಯನ್ನು ಚೌಕಾಶಿ ಮಾಡದೆ ಕೊಟ್ಟು, ಅವನು ಒಪ್ಪಿದರೆ, ಪಕ್ಕದಲ್ಲಿ ನಿಂತು ದೀಪ ಹಿಡಿಯಲಿ.