ಎದ್ದು ಕೊಡುವವರು ಯಾರು?

ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸುತ್ತೇನೆ. ನೀವು ಹಣ ಕೊಟ್ಟು, ಸಂಖ್ಯೆ ನೋಡಿ, ನಿಮ್ಮದೇ ಆಸನದಲ್ಲಿ ಕುಳಿತಿದ್ದೀರಿ. ಅಪರಿಚಿತರೊಬ್ಬರು ಬಂದು, "ಸ್ವಲ್ಪ ಆ ಕಡೆ ಹೋಗಿ ಕುಳಿತುಕೊಳ್ಳುವಿರಾ?" ಎಂದು ಕೇಳುತ್ತಾರೆ. ಎದ್ದರೆ ನೀವು ಒಳ್ಳೆಯವರು, ಏಳದಿದ್ದರೆ? ನಿಮ್ಮದನ್ನು ನೀವು ಇಟ್ಟುಕೊಂಡದ್ದಕ್ಕೆ ಕೆಟ್ಟವರಾಗುತ್ತೀರಾ? ಇದು ಚರ್ಚಿಸಬೇಕಾದ ಸಂಗತಿಯೇ ಎಂದು ನಿಮಗನಿಸಬಹುದು. ನನಗೂ ಹಾಗೆಯೇ ಅನಿಸಿತ್ತು, ಕೆಲವು ವರ್ಷಗಳ ಹಿಂದೆ ದೆಹಲಿಯಿಂದ ಹಿಂದಿರುಗಿದ ಆ ಮಧ್ಯಾಹ್ನದವರೆಗೆ.

ವಿಮಾನದಲ್ಲಿ ನನ್ನದು ನಡುದಾರಿಯ ಬದಿಯ ಆಸನ. ಕಿಟಕಿಯ ಬದಿಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಕುಳಿತಿದ್ದರು. ಶಿಡ್ಲಘಟ್ಟದ ಕಡೆಯ ಹಳ್ಳಿಯವರು. ರೇಷ್ಮೆಹುಳು ಸಾಕುವ ಮನೆಯವರು. ಮಡಿಲಲ್ಲಿ ಬಟ್ಟೆಯ ಚೀಲವನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದರು. ನಮ್ಮಿಬ್ಬರ ನಡುವೆ ಹೊಸದಾಗಿ ಮದುವೆಯಾದಂತಿದ್ದ ಯುವತಿಯೊಬ್ಬಳು. ಅವಳ ಗಂಡನಿಗೆ ಹಿಂದೆಲ್ಲೋ ಮೂವರ ನಡುವಿನ ಆಸನ ದೊರೆತಿತ್ತು. ಆತ ಬಂದು ನಿಂತು ನಮ್ಮ ಸಾಲನ್ನೊಮ್ಮೆ ನೋಡಿದ. ನನ್ನ ಆಸನ ಸಿಕ್ಕಿದ್ದರೂ ಆತನಿಗೆ ಹೆಂಡತಿಯ ಪಕ್ಕದಲ್ಲಿ ಕೂರಬಹುದಿತ್ತು. ಆದರೆ ಆತ ಕೇಳಿದ್ದು ನನ್ನನ್ನಲ್ಲ, ಆ ತಾಯಿಯನ್ನು. "ಅಮ್ಮಾ, ನೀವು ಹಿಂದೆ ಹೋಗಿ ಕೂತ್ಕೊಳ್ತೀರಾ?" ಎಂದ. ಮಾತು ಮುಗಿಯುವ ಮೊದಲೇ ಆಕೆ ಎದ್ದಾಗಿತ್ತು. "ಎಲ್ಲಿ ಕೂತ್ರೇನಪ್ಪಾ, ಹೋಗೋದು ಒಂದೇ ಊರಿಗಲ್ವಾ" ಎನ್ನುತ್ತಾ ಚೀಲ ಎತ್ತಿಕೊಂಡು ಹೊರಟರು. ದಾರಿ ಬಿಡಲು ನಾನೂ ಎದ್ದು ನಿಂತೆ. ಎಂಥ ವಿನಯ, ಎಂಥ ದೊಡ್ಡ ಮನಸ್ಸು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು ಮತ್ತೆ ಕುಳಿತೆ.

ದೇವನಹಳ್ಳಿಯಲ್ಲಿ ಇಳಿದು ಸಾಮಾನಿಗಾಗಿ ಕಾಯುತ್ತಿದ್ದಾಗ ಆಕೆ ಪಕ್ಕದಲ್ಲಿ ನಿಂತಿದ್ದರು. ಮಾತಿಗೆ ಮಾತು ಬಂದು ಹೇಳಿದರು: ದೆಹಲಿಯಲ್ಲಿ ಕೆಲಸದಲ್ಲಿರುವ ಮಗ ಹೆಚ್ಚಿನ ಹಣ ಕೊಟ್ಟು ಆ ಕಿಟಕಿಯ ಆಸನವನ್ನು ತೆಗೆದುಕೊಟ್ಟಿದ್ದನಂತೆ. "ಇಳಿಯೋವಾಗ ನಂದಿಬೆಟ್ಟ ಕಾಣ್ಸುತ್ತೇನೋ ನೋಡಮ್ಮಾ" ಎಂದು ಹೇಳಿ ಕಳುಹಿಸಿದ್ದನಂತೆ. ದೂರುವ ದನಿಯೇ ಇರಲಿಲ್ಲ. ನಕ್ಕುಬಿಟ್ಟರು. ಆ ಯುವಕನೋ ದಾರಿಯುದ್ದಕ್ಕೂ ಮೊಬೈಲಿನಲ್ಲಿ ಚಲನಚಿತ್ರ ನೋಡುತ್ತಿದ್ದುದನ್ನು ನಾನು ಕಂಡಿದ್ದೆ.

ಆಗ ನನಗೆ ಎರಡು ವಿಷಯಗಳು ಹೊಳೆದವು. ನಾನು ವಿನಯವೆಂದು ಮೆಚ್ಚಿದ್ದು ಬಹುಶಃ ಅಭ್ಯಾಸವಾಗಿತ್ತು. ಯಾರಾದರೂ ಬಂದು ನಿಂತರೆ ಏಳಬೇಕೆಂದು ಜೀವನವಿಡೀ ಕಲಿತ ಅಭ್ಯಾಸ. ಇನ್ನೊಂದು, ಆತ ನನ್ನನ್ನು ಕೇಳದಿದ್ದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. "ನಾನು ಹೋಗುತ್ತೇನೆ, ಆಕೆ ಅಲ್ಲೇ ಇರಲಿ" ಎಂಬ ಒಂದು ಮಾತು ನನ್ನ ಬಾಯಿಯಿಂದ ಬರಲಿಲ್ಲ. ಆಕೆಯ ತ್ಯಾಗವನ್ನು ಹೊಗಳುವುದು ನನಗೆ ಸುಲಭವಾಗಿತ್ತು, ಏಕೆಂದರೆ ಅದರ ಬೆಲೆ ತೆತ್ತವರು ಆಕೆ.

ನಮ್ಮ ಸೀಮೆಯವರಿಗೆ ಸ್ಥಳ ಮಾಡಿಕೊಡುವುದು ಹೊಸತಲ್ಲ. ಗೌರಿಬಿದನೂರಿನಿಂದ ಬೆಂಗಳೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುವವರಿಗೆ "ಸ್ವಲ್ಪ ಜರುಗಿ" ಎಂಬ ಮಾತಿನ ಬಲ ಗೊತ್ತು. ಮೂವರ ಬೆಂಚಿನಲ್ಲಿ ನಾಲ್ವರು ಕೂರುತ್ತಾರೆ. ಐದನೆಯವರ ಮಗುವೂ ಯಾರದೋ ತೊಡೆಯ ಮೇಲೆ ನೆಲೆ ಕಾಣುತ್ತದೆ. ಅಲ್ಲಿ ಎಲ್ಲರೂ ಒಂದಿಷ್ಟು ಕಳೆದುಕೊಳ್ಳುತ್ತಾರೆ, ಯಾರೂ ಪೂರ್ತಿ ಕಳೆದುಕೊಳ್ಳುವುದಿಲ್ಲ. ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನೂ ನಾವು ಬಲ್ಲೆವು. ಟವೆಲಿಗೆ ಕಾನೂನಿನ ಬೆಲೆಯಿಲ್ಲ. ಆದರೂ ಅದನ್ನು ತೆಗೆದುಹಾಕಿ ಕೂರಲು ಅನೇಕರ ಮನಸ್ಸು ಒಪ್ಪುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆತ ಮೇಲೆ, "ಎದ್ದು ಕೊಡಬೇಕಾದವರು ಯಾರು?" ಎಂಬ ವಾದವನ್ನು ನಾವೆಲ್ಲ ಬಸ್ಸಿನಲ್ಲೇ ಕೇಳಿದ್ದೇವೆ.

ವಿಮಾನದ ಮಾತು ಬೇರೆ. ಅಲ್ಲಿ ಜರುಗಲು ಜಾಗವಿಲ್ಲ; ಒಂದು ಆಸನ, ಒಬ್ಬ ಮನುಷ್ಯ, ಒಂದು ಪಟ್ಟಿ. ಹಂಚಿಕೊಳ್ಳಲು ಬಾರದು, ಇಟ್ಟುಕೊಳ್ಳಬೇಕು, ಇಲ್ಲವೇ ಬಿಡಬೇಕು. ಜೊತೆಗೆ ಆಸನವೇ ಬೇರೆ ಸರಕಾಗಿ ಮಾರಾಟವಾಗುತ್ತದೆ. ಕಿಟಕಿಗೊಂದು ದರ, ಕಾಲು ಚಾಚುವ ಸ್ಥಳಕ್ಕೊಂದು ದರ. ಹಣ ಕೊಡದ ಕುಟುಂಬ ಚದುರಿ ಕೂರುವಂತಾಗಬಹುದು. ಆಮೇಲೆ ತಾಯಿ ಮಗುವಿನ ಪಕ್ಕ ಕೂರಲು ಅಪರಿಚಿತರನ್ನು ಬೇಡಬೇಕು. ಅಪರಿಚಿತರು ಹಣ ಕೊಟ್ಟದ್ದನ್ನು ಬಿಡಬೇಕು, ಇಲ್ಲವೇ ಕಲ್ಲೆದೆಯವರೆನಿಸಿಕೊಳ್ಳಬೇಕು. ವ್ಯವಸ್ಥೆ ಹಾಕಿದ ಗಂಟನ್ನು ಪ್ರಯಾಣಿಕರು ಪರಸ್ಪರ ಮುಜುಗರದಿಂದ ಬಿಚ್ಚಬೇಕಾದ ಸ್ಥಿತಿ ಇದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಏಪ್ರಿಲ್‌ನಲ್ಲಿ, 12 ವರ್ಷದೊಳಗಿನ ಮಕ್ಕಳಿಗೆ ಅವರೊಡನೆ ಪ್ರಯಾಣಿಸುವ ತಂದೆ ಅಥವಾ ತಾಯಿಯ, ಇಲ್ಲವೇ ಪಾಲಕರ ಪಕ್ಕದಲ್ಲೇ ಆಸನ ಕೊಡಬೇಕೆಂದು ಸಂಸ್ಥೆಗಳಿಗೆ ಸೂಚಿಸಿತು. ನ್ಯಾಯ ಮಾಡಬೇಕಾದಲ್ಲಿ ನ್ಯಾಯವನ್ನೇ ಮಾಡಿದರೆ, ಬಡಪಾಯಿಯೊಬ್ಬರ ಔದಾರ್ಯವನ್ನು ನೆಚ್ಚಿ ಕೂರಬೇಕಾಗಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಇದಕ್ಕಿಂತ ಕಠಿಣವಾದ ಇನ್ನೊಂದು ಸಂದರ್ಭವಿದೆ. ಕೊನೆಯ ಗಳಿಗೆಯಲ್ಲಿ ಕೆಲವರು ಬರುವುದಿಲ್ಲವೆಂಬ ಲೆಕ್ಕದಿಂದ ವಿಮಾನ ಸಂಸ್ಥೆಗಳು ಇರುವ ಆಸನಗಳಿಗಿಂತ ಹೆಚ್ಚು ಟಿಕೆಟ್ ಮಾರುವುದುಂಟು. ಲೆಕ್ಕ ತಪ್ಪಿ ಎಲ್ಲರೂ ಬಂದುಬಿಟ್ಟರೆ ಯಾರೋ ಉಳಿಯಬೇಕು. ಯಾರು? ಅಮೆರಿಕದಲ್ಲಿ ಹಿಂದೆ ಇದನ್ನು ಸಿಬ್ಬಂದಿಯೇ ತೀರ್ಮಾನಿಸುತ್ತಿದ್ದರು. ಗಲಾಟೆ ಮಾಡಲಾರರೆಂದು ತೋರಿದ ಮುದುಕರನ್ನೂ ಸೈನಿಕರನ್ನೂ ಬಿಟ್ಟು ಹೋಗುತ್ತಿದ್ದರೆಂದು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಹೇಳಿದ್ದಾರೆ. 1968ರಲ್ಲಿ ಅವರೊಂದು ಸರಳ ಉಪಾಯ ಸೂಚಿಸಿದರು: ಯಾರನ್ನೂ ಬಲವಂತ ಮಾಡಬೇಡಿ, ಎಷ್ಟು ಪರಿಹಾರ ಕೊಟ್ಟರೆ ಉಳಿಯುವಿರೆಂದು ಎಲ್ಲರನ್ನೂ ಕೇಳಿ, ಒಪ್ಪಿದವರನ್ನು ಉಳಿಸಿಕೊಳ್ಳಿ. ಮೊದಲು ನಕ್ಕವರೇ ಹೆಚ್ಚು. 1972ರಲ್ಲಿ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಅವರಿಗೇ ಹೀಗೆ ವಿಮಾನ ತಪ್ಪಿ, ಅವರು ಹೂಡಿದ ಮೊಕದ್ದಮೆ 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1978ರಲ್ಲಿ, ಮೊದಲು ಇಚ್ಛೆಯುಳ್ಳವರನ್ನು ಕೇಳಬೇಕೆಂಬುದು ಅಲ್ಲಿ ನಿಯಮವಾಯಿತು.

ನಮ್ಮ ದೇಶದ ನಿಯಮವೂ ಅದನ್ನೇ ಹೇಳುತ್ತದೆ. ಮೊದಲು ಸ್ವಇಚ್ಛೆಯಿಂದ ಬಿಡುವವರನ್ನು ಕೇಳಬೇಕು. ಆಮೇಲೂ ಒಬ್ಬರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಉಳಿಸಿದರೆ, ಒಂದು ಗಂಟೆಯೊಳಗೆ ಬೇರೆ ವಿಮಾನದ ವ್ಯವಸ್ಥೆ ಮಾಡದಿದ್ದಲ್ಲಿ ಪರಿಹಾರ ಕೊಡಬೇಕು. 2016ರಲ್ಲಿ ಗೊತ್ತುಪಡಿಸಿದ ಪ್ರಕಾರ, 24 ಗಂಟೆಯೊಳಗಿನ ಬದಲಿ ವಿಮಾನವಾದರೆ ಗರಿಷ್ಠ 10,000 ರೂಪಾಯಿ, ಅದಕ್ಕೂ ತಡವಾದರೆ ಗರಿಷ್ಠ 20,000 ರೂಪಾಯಿ. ಕೇಳುವ ಮರ್ಯಾದೆ ಮುರಿದರೆ ಏನಾಗುತ್ತದೆಂಬುದನ್ನು ಜಗತ್ತು 2017ರ ಏಪ್ರಿಲ್ 9ರಂದು ಷಿಕಾಗೋದಲ್ಲಿ ಕಂಡಿತು. ಯುನೈಟೆಡ್ ಸಂಸ್ಥೆಯ ವಿಮಾನದಲ್ಲಿ ಸಿಬ್ಬಂದಿಗಾಗಿ ನಾಲ್ಕು ಆಸನಗಳು ಬೇಕಾಗಿದ್ದವು. ಯಾರೂ ಒಪ್ಪದಿದ್ದಾಗ ನಾಲ್ವರನ್ನು ಗುರುತಿಸಲಾಯಿತು. ಮರುದಿನ ರೋಗಿಗಳನ್ನು ನೋಡಬೇಕೆಂದು ಏಳಲು ನಿರಾಕರಿಸಿದ ವೈದ್ಯರೊಬ್ಬರನ್ನು ಭದ್ರತಾ ಸಿಬ್ಬಂದಿ ರಕ್ತ ಸುರಿಯುವಂತೆ ಎಳೆದೊಯ್ದರು. ಆಮೇಲೆ ಅದೇ ಸಂಸ್ಥೆ, ಸ್ವಇಚ್ಛೆಯಿಂದ ಬಿಡುವವರಿಗೆ ಕೊಡುವ ಪರಿಹಾರದ ಮಿತಿಯನ್ನು 10,000 ಡಾಲರಿಗೆ ಏರಿಸಿತು.

ಹಣ ಪಡೆದು ಬಿಟ್ಟುಕೊಡುವುದು ತ್ಯಾಗವೇ ಎಂದು ನೀವು ಕೇಳಬಹುದು. ಅಲ್ಲ, ಅದು ವ್ಯಾಪಾರ. ಹಣದ ಕೊರತೆಯುಳ್ಳವರೇ ಬೇಗ ಕೈ ಎತ್ತುತ್ತಾರೆಂಬುದೂ ನಿಜ. ಆದರೂ ಆ ವ್ಯಾಪಾರದಲ್ಲೊಂದು ಗೌರವವಿದೆ: "ಇದು ನಿಮ್ಮದು, ನೀವು ಬೇಡವೆನ್ನಬಹುದು" ಎಂದು ಅದು ಒಪ್ಪಿಕೊಳ್ಳುತ್ತದೆ. ಬಿಟ್ಟಿಯಾಗಿ ಕಸಿದುಕೊಂಡು ಅದಕ್ಕೆ ತ್ಯಾಗವೆಂದು ಹೆಸರಿಡುವುದಕ್ಕಿಂತ ಪ್ರಾಮಾಣಿಕವಾದ ವ್ಯಾಪಾರ ಮೇಲು.

ಇಲ್ಲೊಬ್ಬರು ಆಕ್ಷೇಪಿಸಬಹುದು: "ಕೆಳಗಿನ ಆಸನ ಆರಿಸಿಕೊಳ್ಳಿರೆಂದು ಪ್ರಭುವೇ ಬೋಧಿಸಲಿಲ್ಲವೇ?" ಹೌದು, ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಔತಣದ ಆಸನಗಳ ಮಾತು ಬರುತ್ತದೆ. ಆದರೆ ಆ ಬೋಧನೆ ಯಾರಿಗೆ ಎಂಬುದನ್ನು ಗಮನಿಸಬೇಕು. ಮೇಲಿನ ಆಸನಗಳಿಗಾಗಿ ಹಾತೊರೆಯುತ್ತಿದ್ದ ಗಣ್ಯ ಅತಿಥಿಗಳಿಗೆ ಪ್ರಭು ಹಾಗೆ ಹೇಳಿದರು. ಮೂಲೆಯಲ್ಲಿ ಕುಳಿತಿದ್ದ ದುರ್ಬಲರನ್ನು ಇನ್ನಷ್ಟು ಹಿಂದಕ್ಕೆ ಕಳುಹಿಸಿರೆಂದು ಯಾರಿಗೂ ಹೇಳಲಿಲ್ಲ. ಸಭೆಗೆ ಬಂದ ಸಿರಿವಂತನಿಗೆ ಒಳ್ಳೆಯ ಸ್ಥಳ ತೋರಿಸಿ ಬಡವನನ್ನು ನಿಲ್ಲಿಸುವವರನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಕಟುವಾಗಿ ಖಂಡಿಸುತ್ತಾರೆ. ಎರಡನ್ನೂ ಒಟ್ಟಿಗೆ ಓದಿದರೆ ಅರ್ಥ ಸ್ಪಷ್ಟ. ತಗ್ಗಿಕೊಳ್ಳುವುದು ನಾನು ನನ್ನ ವಿಷಯದಲ್ಲಿ ಮಾಡಬೇಕಾದ ಕೆಲಸ. ಇನ್ನೊಬ್ಬರನ್ನು ತಗ್ಗಿಸಲು ನನ್ನ ಕೈಗೆ ಕೊಟ್ಟ ಅಧಿಕಾರವಲ್ಲ.

ಆದ್ದರಿಂದ ಏಳದೆ ಕುಳಿತಿರುವುದೇ ಧರ್ಮವಾಗುವ ಸಂದರ್ಭಗಳೂ ಉಂಟು. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಿಳಿಯ ಪ್ರಯಾಣಿಕನಿಗಾಗಿ ಬಸ್ಸಿನ ಆಸನ ಬಿಡಲು ನಿರಾಕರಿಸಿದರು. ಅಲ್ಲಿ ಕೇಳಿದ್ದು ಆಸನವನ್ನಷ್ಟೇ ಅಲ್ಲ, ಆಕೆ ತಾನು ಕೀಳೆಂದು ಒಪ್ಪಿಕೊಳ್ಳುವುದನ್ನು. ಬಳಲಿದ ಮುದುಕನಿಗಾಗಿ ಎದ್ದಿದ್ದರೆ ಅದು ಪ್ರೀತಿಯಾಗುತ್ತಿತ್ತು. ಬಣ್ಣದ ಕಾರಣಕ್ಕೆ ಎದ್ದಿದ್ದರೆ ಸುಳ್ಳಿಗೆ ತಲೆಬಾಗಿದಂತಾಗುತ್ತಿತ್ತು. ಏಳುವ ಕ್ರಿಯೆ ಒಂದೇ. ಏಳಿಸುವ ಕಾರಣ ಬೇರೆ.

ನಮ್ಮ ನೆರೆಯಲ್ಲೇ ಇದೇ ಪ್ರಶ್ನೆ ದೊಡ್ಡ ರೂಪದಲ್ಲಿ ಎದುರಾಗಿತ್ತು. 2008ರ ಮೇ ತಿಂಗಳಿನಿಂದ ವಿಮಾನಗಳು ಇಳಿಯುತ್ತಿರುವ ದೇವನಹಳ್ಳಿಯ ತಾಲ್ಲೂಕಿನಲ್ಲೇ, ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರಿಗೆ 1,777 ಎಕರೆ ಭೂಮಿ ಬಿಟ್ಟುಕೊಡಬೇಕೆಂಬ ಸೂಚನೆ ಬಂದಿತ್ತು. ವೈಮಾನಿಕ ಉದ್ಯಮದ ಪಾರ್ಕ್ ಅಲ್ಲಿ ಬರಬೇಕಿತ್ತು. 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತ ರೈತರು ಮೂರು ವರ್ಷಗಳಿಗೂ ಹೆಚ್ಚು ಕಾಲ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿಯೂ ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನಷ್ಟೇ ಪಡೆಯುವುದಾಗಿಯೂ ಪ್ರಕಟಿಸಿದರು. ಉದ್ಯಮ ಬೇಕೇ ಬೇಡವೇ ಎಂಬುದರಲ್ಲಿ ನಮ್ಮ ನಿಮ್ಮ ಅಭಿಪ್ರಾಯ ಬೇರೆಯಾಗಬಹುದು. ಆದರೆ "ನಾಡಿನ ಒಳಿತಿಗಾಗಿ ಯಾರಾದರೂ ಬಿಡಬೇಕಲ್ಲ" ಎಂದು ನಾವು ಸಲೀಸಾಗಿ ನುಡಿಯುವಾಗ, ಆ ಯಾರಾದರೂ ಎಂಬುವರು ಪ್ರತಿ ಸಲವೂ ಅವರೇ ಏಕಾಗುತ್ತಾರೆ, ನಾವೇಕಾಗುವುದಿಲ್ಲ ಎಂದು ಕೇಳಿಕೊಳ್ಳುವುದು ನಮ್ಮ ಕರ್ತವ್ಯ.

ಹಾಗಾದರೆ ಏನನ್ನೂ ಯಾರನ್ನೂ ಕೇಳಬಾರದೇ? ಕೇಳದೆ ಬದುಕು ಸಾಗದು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವುದರಿಂದಲೇ ಸಮಾಜ ನಿಂತಿದೆ. ಕೇಳುವ ಮುನ್ನ ಮೂರು ವಿಷಯಗಳನ್ನು ನಮಗೆ ನಾವೇ ವಿಚಾರಿಸಿಕೊಂಡರೆ ಸಾಕು. ನಾನು ಕೇಳುತ್ತಿರುವುದು ಅಗತ್ಯಕ್ಕೋ ಅನುಕೂಲಕ್ಕೋ? ಕೊಡಬಲ್ಲವರನ್ನು ಕೇಳುತ್ತಿದ್ದೇನೆಯೋ, ಇಲ್ಲ ಎನ್ನಲಾರದವರನ್ನೋ? ಅವರು ಇಲ್ಲವೆಂದರೆ ಮುಖ ಗಂಟಿಕ್ಕದೆ ನನ್ನ ಸ್ಥಳಕ್ಕೆ ಮರಳಬಲ್ಲೆನೇ? ಮೂರನೆಯದಕ್ಕೆ ಉತ್ತರ "ಆಗದು" ಎಂದಾದರೆ, ನಾವು ಮಾಡುತ್ತಿರುವುದು ಕೋರಿಕೆಯಲ್ಲ, ಅಪ್ಪಣೆ.

ಕೊಡುವವರಿಗೂ ಒಂದು ಮಾತು. ಏಳಲೇಬೇಕೆಂಬ ಭಯದಿಂದ ಏಳುವುದು ದಾನವಲ್ಲ. ಆದರೆ "ನನ್ನ ಹಕ್ಕು" ಎಂಬ ಒಂದೇ ಮಾತಿಗೆ ಅಂಟಿ ಕುಳಿತು, ಎದುರಿಗೆ ನಿಂತ ಬಸುರಿಯನ್ನು ಕಾಣದಿರುವುದು ಬದುಕೂ ಅಲ್ಲ. ಹಕ್ಕು ಇರುವುದು ನಾವು ಸಂತೋಷದಿಂದ ಕೊಡಲು ಸಾಧ್ಯವಾಗಲೆಂದು. ಕೈಯಲ್ಲಿ ಇರದುದನ್ನು ಯಾರೂ ಕೊಡಲಾರರು. ಆ ತಾಯಿಗೆ ಕಿಟಕಿಯ ಆಸನ ತನ್ನದೆಂಬ ಭಾವವೇ ಗಟ್ಟಿಯಾಗಿರಲಿಲ್ಲ. ಯಾರೋ ಮರೆತು ಕೊಟ್ಟದ್ದನ್ನು ಹಿಂದಿರುಗಿಸುವವರಂತೆ ಎದ್ದು ಹೋದರು.

ಅವರನ್ನು ಚಿಕ್ಕಬಳ್ಳಾಪುರದ ಬಸ್ಸು ಹತ್ತಿಸಿದವನು ನಾನೇ. ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಖಾಲಿಯಿತ್ತು. "ಇಲ್ಲಿ ಕೂತ್ಕೊಳ್ಳಿ ಅಮ್ಮಾ" ಎಂದೆ. ಆಕೆ ಹಿಂದೆ ಬರುತ್ತಿದ್ದವರನ್ನು ಒಮ್ಮೆ ತಿರುಗಿ ನೋಡಿ, "ಬೇರೆ ಯಾರಾದ್ರೂ ಕೂತ್ಕೋಬೇಕೇನೋ" ಎಂದರು. "ಇಲ್ಲಮ್ಮಾ, ಇದು ನಿಮ್ದೇ" ಎಂದೆ. ಕುಳಿತರು. ಹೆದ್ದಾರಿಯಲ್ಲಿ ಹೋಗುವಾಗ ನಂದಿಬೆಟ್ಟ ಕೆಳಗಿನಿಂದಲಾದರೂ ಅವರಿಗೆ ಕಂಡಿರಬೇಕು. ಮಗ ಹೇಳಿ ಕಳುಹಿಸಿದ್ದು ಅದನ್ನಲ್ಲ ಎಂಬುದು ನನಗೆ ಗೊತ್ತು. ಮುಂದಿನ ಸಲ ಯಾರಾದರೂ ಬಂದು ಸಾಲನ್ನು ದಿಟ್ಟಿಸಿ, ಸುಲಭವಾಗಿ ಏಳುವವರು ಯಾರೆಂದು ಹುಡುಕುವಾಗ, ಪಕ್ಕದಲ್ಲಿ ಕುಳಿತ ನೀವೂ ನಾನೂ ಮೊದಲು ಬಾಯಿ ತೆರೆಯೋಣ.